ಯಾರೂ ಕೇಳದೆ ಬೆಳೆದ ವಯಸ್ಸು

ಆ ಕಚೇರಿಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ರೆಡಿಯಣ್ಣ. ನೀವು ಪೆನ್ನಿಗೆಂದು ಜೇಬು ತಡಕುವಷ್ಟರಲ್ಲಿ ಅವನ ಪೆನ್ನು ನಿಮ್ಮ ಮೂಗಿನ ಮುಂದೆ ರೆಡಿ. ನೀವು ಎದ್ದು ಕಿಟಕಿಯ ಕಡೆ ನೋಡಿದರೆ ಸಾಕು, ಅವನು ಹೋಗಿ ತೆರೆದಿರುತ್ತಿದ್ದ, ನಿಮಗೆ ಬೇಕಾದದ್ದು ಮುಚ್ಚುವುದಾಗಿದ್ದರೂ. ಮಾತಿಗೆ ತಡವರಿಸಿದಿರೋ, ಮಿಕ್ಕ ಅರ್ಧವನ್ನು ಅವನೇ ಮುಗಿಸಿ ನಿಮ್ಮ ಕೈಗೆ ಕೊಡುತ್ತಿದ್ದ. ಒಳ್ಳೆಯ ಮನುಷ್ಯ. ಒಳ್ಳೆಯತನದಿಂದಲೇ ಸುತ್ತಲಿನವರನ್ನು ಸುಸ್ತು ಮಾಡುವಷ್ಟು ಒಳ್ಳೆಯ ಮನುಷ್ಯ.

ಇದು ತಾಯಿಯ ಕಡೆಯಿಂದ ಬಂದ ಗುಣ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬಣ್ಣಬಣ್ಣದ ದಾರ ಪೋಣಿಸಿದ ಸೂಜಿಗಳನ್ನು ಒಂದು ಸಣ್ಣ ದಿಂಬಿಗೆ ಸದಾ ಚುಚ್ಚಿಟ್ಟಿರುತ್ತಿದ್ದಳು. ಗುಂಡಿ ಕಿತ್ತ ಅಂಗಿ ಹಿಡಿದು ಯಾರಾದರೂ ಬಂದರೆ, ಅವರು ಕೂತು ಸುಧಾರಿಸಿಕೊಳ್ಳುವುದರೊಳಗೆ ಗುಂಡಿ ಅದರ ಜಾಗದಲ್ಲಿ ಕೂತಿರುತ್ತಿತ್ತು. ಒಮ್ಮೆ ಅಂಥದೊಂದು ಸೂಜಿ ದಿಂಬು ಬಿಟ್ಟು ಕುರ್ಚಿ ಸೇರಿತ್ತು. ಅಪ್ಪ ಅದರ ಮೇಲೆ ಕೂತು, ಒಂದು ವಾರ ನಿಂತೇ ಊಟ ಮಾಡಿದ. ಆ ಕಥೆಯನ್ನು ಮನೆಯವರು ನಗುವುದಕ್ಕೆ ಇಟ್ಟುಕೊಂಡಿದ್ದರೇ ಹೊರತು ಅದರಿಂದ ಯಾರೂ ಏನೂ ಕಲಿಯಲಿಲ್ಲ.

ಕಚೇರಿಯ ಕೆಲಸ ಕಾಗದ ಬರೆಯುವುದು. ಶಾಲೆ, ಬ್ಯಾಂಕು, ಆಸ್ಪತ್ರೆಗಳು ಒಂದೇ ಬಗೆಯ ಕಾಗದವನ್ನು ಬಹಳ ಜನಕ್ಕೆ ಕಳಿಸಬೇಕಾದಾಗ ಇವರನ್ನು ಹಿಡಿಯುತ್ತಿದ್ದವು. ಇವರು ಕಂಪ್ಯೂಟರಿನಲ್ಲಿ ಒಂದು ಟೆಂಪ್ಲೇಟ್ ಮಾಡುತ್ತಿದ್ದರು. ಅಂದರೆ ಅಲ್ಲಲ್ಲಿ ಜಾಗ ಖಾಲಿ ಬಿಟ್ಟ ಕಾಗದ. ಒಬ್ಬೊಬ್ಬರ ಹೆಸರು, ತಾರೀಖು, ವಿಳಾಸ ಆ ಜಾಗಕ್ಕೆ ತಾನಾಗಿ ಬಂದು ಕೂರುತ್ತಿತ್ತು. ತಾರೀಖನ್ನು ಅಕ್ಷರದಲ್ಲಿ ಬರೆಯುವುದು, ಉದ್ದದ ವಿಳಾಸವನ್ನು ಸಾಲು ಸಾಲಾಗಿ ಮುರಿಯುವುದು ಮುಂತಾದ ಚಿಲ್ಲರೆ ಕೆಲಸಕ್ಕೆ ಹೆಲ್ಪರ್‌ಗಳಿದ್ದವು. ಮನುಷ್ಯರಲ್ಲ, ನಾಲ್ಕಾರು ಸಾಲಿನ ಪುಟ್ಟ ಪ್ರೋಗ್ರಾಮುಗಳು. ಅವನ್ನೆಲ್ಲ ಬರೆದವನು ರೆಡಿಯಣ್ಣ. ಬರೆದು ಒಂದು ಡಬ್ಬಿಗೆ ತುಂಬಿಟ್ಟಿದ್ದ. ಆ ಡಬ್ಬಿ ಪ್ರತಿ ಟೆಂಪ್ಲೇಟಿಗೂ ಹುಟ್ಟಿನಿಂದಲೇ ಅಂಟಿಕೊಂಡಿರುತ್ತಿತ್ತು. ಯಾರೂ ಕರೆಯಬೇಕಿಲ್ಲ, ಕೆಲಸ ಕಂಡ ಕಡೆ ಹೆಲ್ಪರ್ ತಾನೇ ಹೋಗಿ ಕೈ ಹಾಕುತ್ತಿತ್ತು, ಥೇಟ್ ಅವನ ಹಾಗೆಯೇ.

ಇದನ್ನು ಒಪ್ಪದವಳು ಒಬ್ಬಳೇ, ಪ್ರೂಫಕ್ಕ. ಬಹಳ ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ, ಅದು ಮುಚ್ಚಿದ ಮೇಲೆ ಟೆಂಪ್ಲೇಟ್ ಬರೆಯುವುದನ್ನು ಕಲಿತು ಇಲ್ಲಿಗೆ ಬಂದವಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದುವ ಜಾತಿ. ಲಿಫ್ಟಿನೊಳಗೆ ಅಂಟಿಸಿದ ಸೂಚನೆಯಲ್ಲೂ ತಪ್ಪು ಹುಡುಕಿ, ಇಳಿಯುವುದರೊಳಗೆ ಪೆನ್ನಿನಿಂದ ತಿದ್ದುತ್ತಿದ್ದಳು. ತನ್ನ ಕಣ್ಣಿನ ಬಗ್ಗೆ ಅವಳಿಗೆ ಜಂಬವಿತ್ತು. ಇರಲಿ ಬಿಡಿ, ಅವಳಿಗೆ ಇದ್ದ ಆಸ್ತಿ ಅದೊಂದೇ.

ಒಂದು ಬೆಳಿಗ್ಗೆ, ಎಲ್ಲರೂ ಕೂತಿದ್ದ ಹೊತ್ತಿನಲ್ಲಿ, ಅವಳು ವಿಷಯ ಎತ್ತಿದಳು.

"ಅಣ್ಣ, ಆ ಡಬ್ಬೀಲಿ ಇವತ್ತು ಏನೇನಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಯಾವ್ಯಾವ ಹೆಲ್ಪರ್ ಬೇಕೋ ಅದನ್ನ ಟೆಂಪ್ಲೇಟಿನ ಮೊದಲನೇ ಸಾಲಲ್ಲಿ ನಾವೇ ಬರೆಯೋಣ. ಕರೆದಿದ್ದು ಬರ್ಲಿ. ಕರೀದೇ ಇದ್ದಿದ್ದು ಬರೋದು ಬೇಡ."

"ದಿನಾ ಬೇಕಾಗೋದನ್ನ ದಿನಾ ಕೇಳ್ಬೇಕಾ ಅಕ್ಕ?"

"ಕೇಳಿದ್ರೆ ಗಂಟೇನು ಹೋಗುತ್ತೆ? ಒಂದು ಸಾಲು ತಾನೆ."

ರೆಡಿಯಣ್ಣ ಎಲ್ಲರ ಮುಖ ನೋಡಿಕೊಂಡು ಹೇಳಿದ. "ಮನೆಗೆ ಬಂದೋರು ನೀರು ಬೇಕು ಅಂತ ಅರ್ಜಿ ಬರ್ಕೊಡ್ಬೇಕು ಅಂದಹಾಗಾಯ್ತು."

ಮುದ್ರಣ ಯಂತ್ರ ನೋಡಿಕೊಳ್ಳುವವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕಚೇರಿಯ ಒಡತಿ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಅವರೂ ನಕ್ಕರು. "ಲೋಟದಲ್ಲಿ ಏನಿದೆ ಅಂತ ನೋಡದೆ ನಾನಂತೂ ಕುಡಿಯಲ್ಲ" ಎಂದು ಪ್ರೂಫಕ್ಕ ಹೇಳಿದ್ದು ಆ ನಗುವಿನಲ್ಲಿ ಮುಳುಗಿಹೋಯಿತು. ರೆಡಿಯಣ್ಣನಿಗೆ ಮಾತ್ರ ಕೇಳಿಸಿತ್ತು. ಕೇಳಿಸಿಕೊಂಡು ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಾಗಿಯೇ.

ಅದಾಗಿ ಕೆಲವು ತಿಂಗಳಿಗೆ ಮಕ್ಕಳ ಆಸ್ಪತ್ರೆಯೊಂದರ ಕೆಲಸ ಬಂತು. ಚಿಕಿತ್ಸೆಯಲ್ಲಿದ್ದಾಗ ತೀರಿಕೊಂಡ ಮಕ್ಕಳ ಮನೆಗಳಿಗೆ ವರ್ಷಕ್ಕೊಮ್ಮೆ ಒಂದು ಕಾಗದ ಹೋಗಬೇಕು. ಪ್ರೂಫಕ್ಕ ಅದನ್ನು ಉಸಿರು ಬಿಗಿಹಿಡಿದು ಬರೆದಳು. 'ಆರು ವರ್ಷದ ನಿಮ್ಮ ಮಗಳನ್ನು ನಾವು ಮರೆತಿಲ್ಲ' ಎಂದು ಮೊದಲ ಸಾಲು. ಮಗು ಹುಟ್ಟಿದ ತಾರೀಖಿನ ಜೊತೆಗೆ, ತೀರಿಕೊಂಡಾಗಿನ ವಯಸ್ಸನ್ನೂ ಆಸ್ಪತ್ರೆಯವರೇ ಬರೆದು ಕೊಟ್ಟಿದ್ದರು. 'ವಯಸ್ಸು' ಎಂಬ ಖಾಲಿ ಜಾಗದಲ್ಲಿ ಅದೇ ಬಂದು ಕೂರುತ್ತಿತ್ತು. ಅವಳು ಒಂದೊಂದನ್ನೂ ಪರದೆಯ ಮೇಲೆ ಓದಿ, ಸರಿಯಿದೆ ಎಂದು ಹೇಳಿ, ಬೆಳಿಗ್ಗೆ ಅಚ್ಚು ಹಾಕಲು ಬಿಟ್ಟು ಮನೆಗೆ ಹೋದಳು.

ಅದೇ ಸಂಜೆ ಮನೆಗೆ ಹೊರಡುವ ಮುನ್ನ ರೆಡಿಯಣ್ಣ ಒಂದು ಉಪಕಾರ ಮಾಡಿದ. ಶಾಲೆಯೊಂದರ ಗುರುತಿನ ಚೀಟಿಗೆ ಮಕ್ಕಳ ವಯಸ್ಸು ಬೇಕಿತ್ತು. ಹುಟ್ಟಿದ ತಾರೀಖು ನೋಡಿ ಇವತ್ತಿಗೆ ಎಷ್ಟು ವರ್ಷವಾಯಿತೆಂದು ಎಣಿಸಿ ಕೊಡುವ ಹೆಲ್ಪರ್ ಒಂದನ್ನು ಬರೆದ. ಬರೆಯುವಾಗ, ಇದು ಎಲ್ಲರಿಗೂ ಆಗುತ್ತದಲ್ಲ ಎನಿಸಿತು. ಅದಕ್ಕೂ 'ವಯಸ್ಸು' ಎಂದೇ ಹೆಸರಿಟ್ಟು, ಹೇಳದೆ ಕೇಳದೆ, ಎಲ್ಲ ಟೆಂಪ್ಲೇಟಿಗೂ ಅಂಟಿಕೊಂಡಿದ್ದ ಆ ಡಬ್ಬಿಗೆ ಹಾಕಿದ. ಒಂದೇ ಹೆಸರಿನವು ಎರಡಿದ್ದರೆ ಡಬ್ಬಿಯಲ್ಲಿದ್ದದ್ದಕ್ಕೇ ಮೊದಲ ಮರ್ಯಾದೆ ಎಂಬ ನಿಯಮವನ್ನು ಮಾಡಿಟ್ಟವನೂ ಅವನೇ. ಆಸ್ಪತ್ರೆ ಬರೆದುಕೊಟ್ಟ ವಯಸ್ಸು ಬದಿಗೆ ಸರಿಯಿತು. ಬೆಳಿಗ್ಗೆ ಅಚ್ಚಾಗಿ ಹೊರಟ ಕಾಗದಗಳಲ್ಲಿ ತೀರಿಹೋದ ಮಕ್ಕಳೆಲ್ಲ ಒಂದೆರಡು ವರ್ಷ, ಮೂರು ವರ್ಷ ಬೆಳೆದಿದ್ದರು.

ಆಸ್ಪತ್ರೆಯಿಂದ ಫೋನು ಬಂದ ದಿನ ಮೇಡಂ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿದರು. ಆಸ್ಪತ್ರೆಯ ಕಾಗದಗಳಲ್ಲೆಲ್ಲ ವಯಸ್ಸು ತಪ್ಪಾಗಿ ಹೋಗಿದೆಯಂತೆ ಎಂದರು.

"ಟೆಂಪ್ಲೇಟ್ ಬರೆದಿದ್ದು ಯಾರು?"

"ನಾನು" ಎಂದಳು ಪ್ರೂಫಕ್ಕ. "ಆಸ್ಪತ್ರೆಯವರು ಕೊಟ್ಟ ವಯಸ್ಸೇ ಹಾಕಿದ್ದೆ ಮೇಡಂ. ಓದಿದಾಗ ಸರಿಯಾಗೇ ಇತ್ತು. ಇತ್ತು ಅಂತ್ಲೇ ನನ್ನ ನೆನಪು."

ರೆಡಿಯಣ್ಣನಿಗೆ ಆ ಸಂಜೆ ಡಬ್ಬಿಗೆ ಹಾಕಿದ ಹೆಲ್ಪರ್ ನೆನಪಾಯಿತು. ಯಾವ ಪರದೆಯನ್ನೂ ನೋಡಬೇಕಿರಲಿಲ್ಲ, ಎಲ್ಲ ಗೊತ್ತಾಗಿಹೋಗಿತ್ತು. ಮೇಡಂ ಅವನ ಕಡೆ ತಿರುಗಿ, "ನೀವು ಒಂದ್ಸಲ ನೋಡಿ ಹೇಳಿ" ಎಂದರು. ಅವನು ನೋಡಿದ ಹಾಗೆ ಮಾಡಿದ. ಹೆಲ್ಪರಿನ ಹೆಸರು ಬದಲಿಸಿದ, ಆಸ್ಪತ್ರೆ ಕೊಟ್ಟ ವಯಸ್ಸು ತನ್ನ ಜಾಗಕ್ಕೆ ಮರಳಿತು. ಹತ್ತು ನಿಮಿಷದ ಮೇಲೆ ಬಂದು, "ಸರಿ ಮಾಡಿದೀನಿ" ಎಂದ.

"ಏನಾಗಿತ್ತು?"

"ಟೆಂಪ್ಲೇಟಲ್ಲೇ ಒಂದು ಸಣ್ಣ ತೊಂದರೆ ಮೇಡಂ."

ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಬೆಳಕಿನಲ್ಲಿ ಸಿಕ್ಕಿಬಿದ್ದವಳು ಮಾತ್ರ ಪ್ರೂಫಕ್ಕ. ಆಸ್ಪತ್ರೆಯ ಕಾಗದಗಳನ್ನು ಅವಳ ಕೈಯಿಂದ ತೆಗೆದು, ಲಕೋಟೆಯ ಮೇಲಿನ ವಿಳಾಸ ನೋಡುವ ಕೆಲಸಕ್ಕೆ ಹಾಕಿದರು. ಅದಕ್ಕೆ ಮೊದಲು ಎಲ್ಲ ಮನೆಗಳಿಗೂ 'ವಯಸ್ಸು ತಪ್ಪಾಗಿ ಅಚ್ಚಾಗಿದೆ, ಕ್ಷಮಿಸಿ' ಎಂಬ ಇನ್ನೊಂದು ಕಾಗದವನ್ನು ಅವಳಿಂದಲೇ ಬರೆಸಿದರು. ಅವಳು ಒಂದು ಮಾತೂ ಎದುರಾಡದೆ ಬರೆದಳು. ಜಗಳಗಂಟಿ ಜಗಳವಾಡಲಿಲ್ಲ, ರೆಡಿಯಣ್ಣನಿಗೆ ಅದೇ ಹೆಚ್ಚು ಚುಚ್ಚಿತು.

ಸಂಜೆ ಮೆಟ್ಟಿಲಿಳಿಯುವಾಗ ಅವಳು ಕೇಳಿದಳು. "ಅಣ್ಣ, ನಿಜ ಹೇಳಿ. ಒಂದೊಂದನ್ನೂ ಓದಿದೀನಿ. ಆರು ಅಂತಿದ್ರೆ ಆರು, ಒಂಬತ್ತು ಅಂತಿದ್ರೆ ಒಂಬತ್ತು. ನನ್ನ ಕಣ್ಣಿಂದ ಇಷ್ಟು ದೊಡ್ಡದು ಹೇಗೆ ತಪ್ಪಿಸ್ಕೊಂಡು ಹೋಯ್ತು?"

"ಆಗುತ್ತೆ ಬಿಡಿ ಅಕ್ಕ. ಸುಸ್ತಾಗಿದ್ರಿ" ಎಂದ ರೆಡಿಯಣ್ಣ.

ಇದನ್ನೂ ಅವಳು ಕೇಳಿರಲಿಲ್ಲ. ಸುಸ್ತು ಎಂಬ ನೆಪವನ್ನು ಅವನೇ ಹುಡುಕಿ, ಒರೆಸಿ, ಅವಳ ಕೈಗಿಟ್ಟ. ಅವಳು ಅದನ್ನು ನಂಬಿದಳು.

ಮುಂದಿನ ವಾರ ಅವಳು ಹೊಸ ಕನ್ನಡಕ ಹಾಕಿಕೊಂಡು ಬಂದಳು. ದಪ್ಪ ಗಾಜಿನದು. ಅಂಗಡಿಯವನು ಪರೀಕ್ಷೆ ಮಾಡಿ, ನಂಬರು ಏನೂ ಬದಲಾಗಿಲ್ಲಮ್ಮ ಎಂದಿದ್ದನಂತೆ. ಇವಳೇ ಹಟ ಹಿಡಿದು ಒಂದು ಮೆಟ್ಟಿಲು ಹೆಚ್ಚಿನದು ಹಾಕಿಸಿಕೊಂಡಿದ್ದಳು. ಅದರಿಂದ ಮಧ್ಯಾಹ್ನವಾಗುತ್ತಲೇ ತಲೆ ಸಿಡಿಯುತ್ತಿತ್ತು. ಹಣೆ ಒತ್ತಿಕೊಂಡು, ಲಕೋಟೆಯ ಮೇಲಿನ ಒಂದೇ ವಿಳಾಸವನ್ನು ಬೆರಳಿಟ್ಟು ಮೂರು ಮೂರು ಸಲ ಓದುತ್ತಿದ್ದಳು. ಲಿಫ್ಟಿನ ಸೂಚನೆಯಲ್ಲಿ ಹೊಸದೊಂದು ತಪ್ಪು ಬಂದಿತ್ತು. ಅವಳು ಅದರ ಮುಂದೆ ನಿಂತು, ಪೆನ್ನು ತೆಗೆದು, ಮತ್ತೆ ಚೀಲಕ್ಕೆ ಹಾಕಿಕೊಂಡದ್ದನ್ನು ರೆಡಿಯಣ್ಣ ನೋಡಿದ.

ಮುಚ್ಚಿಟ್ಟವನಿಗೆ ಸುಮ್ಮನಿರಲು ಆಗುತ್ತದೆಯೇ? ಅವನು ಮನೆಯಿಂದ ಒಳ್ಳೆಯದೊಂದು ಮೇಜಿನ ದೀಪ ತಂದು ಅವಳ ಜಾಗದಲ್ಲಿಟ್ಟ. ಅವಳು ಊಟಕ್ಕೆ ಹೋಗಿದ್ದಾಗ ಅವಳ ಪರದೆಯ ಅಕ್ಷರಗಳನ್ನೆಲ್ಲ ದೊಡ್ಡದು ಮಾಡಿದ. ವಾಪಸು ಬಂದವಳು ದೀಪ ಹಾಕಿ, ಪರದೆ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮಷ್ಟು ಯಾರೂ ನನ್ನ ನೋಡ್ಕೊಂಡಿಲ್ಲ ಅಣ್ಣ" ಎಂದಳು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಅದು ಸುಮ್ಮನೆ ಹೇಳುವ ಮಾತೆಂದು ಅವನು ಅಲ್ಲಿಯವರೆಗೆ ತಿಳಿದಿದ್ದ. ಅವತ್ತು ಕಾಲ ಕೆಳಗಿನ ನೆಲವನ್ನು ನಿಜವಾಗಿಯೂ ನೋಡಿದ. ಗಟ್ಟಿಯಾಗಿಯೇ ಇತ್ತು.

ಮನೆಯಲ್ಲಿ ಹೆಂಡತಿಗೆ ಮೊದಲು ಗೊತ್ತಾದದ್ದು ಕಾಫಿಯಿಂದ. ಇಷ್ಟು ವರ್ಷ ಅವಳ ಲೋಟಕ್ಕೆ ತಾನೇ ಸಕ್ಕರೆ ಸುರಿದು ಕಲಕಿ ಕೊಡುತ್ತಿದ್ದ ಗಂಡ, ಭಾನುವಾರ ಬೆಳಿಗ್ಗೆ ಚಮಚ ಹಿಡಿದು ನಿಂತು, "ಸಕ್ಕರೆ ಹಾಕ್ಲಾ?" ಎಂದು ಕೇಳಿದ.

"ಏನಾಯ್ತು ನಿಮಗೆ? ಮೈ ಬಿಸಿ ಇದೆಯಾ?" ಎಂದಳು ಅವಳು. ತಮಾಷೆಗಲ್ಲ. ಹಿಂದೊಮ್ಮೆ ಮಂಡಿನೋವಿಗೆಂದು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ, ನೋವು ಎಲ್ಲಿ, ಯಾವಾಗ ಎಂದು ಪ್ರತಿಯೊಂದಕ್ಕೂ ಇವನೇ ಉತ್ತರ ಹೇಳಿ, ಕೊನೆಗೆ ಡಾಕ್ಟರು, "ಮಂಡಿ ಯಾರದು ಸ್ವಾಮಿ?" ಎಂದು ಇವನನ್ನು ಹೊರಗೆ ಕೂರಿಸಿದ್ದರು. ಅಂಥವನು ಸಕ್ಕರೆಗೆ ಅಪ್ಪಣೆ ಕೇಳುತ್ತಿದ್ದಾನೆ.

ಅವನು ಎಲ್ಲವನ್ನೂ ಹೇಳಿದ. ಹೆಲ್ಪರ್, ಕಾಗದ, ದಪ್ಪ ಕನ್ನಡಕ, ದೀಪ. ಅವಳು ಕಾಫಿ ಆರುವವರೆಗೂ ಕೇಳಿದಳು.

"ಇಲ್ಲೇ ಇದ್ದ ದೀಪ ಎಲ್ಲಿ ಹೋಯ್ತು ಅಂತ ನಾನು ಹುಡುಕ್ತಾ ಇದ್ದೆ" ಎಂದಳು. "ಇರ್ಲಿ. ಯಾಕೆ ಹೇಳ್ಲಿಲ್ಲ ಆಕೆಗೆ?"

"ಎಲ್ಲರ ಮುಂದೆ ನಗಾಡಿದ್ದೆ ಕಣೆ. ಅರ್ಜಿ ಬರ್ಕೊಡ್ಬೇಕಾ ಅಂದಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಜನ ಕೇಳೋಕೆ ಮುಂಚೆ ಎಲ್ಲ ಮಾಡೋರು ನೀವು. ಆಕೆ ಮೆಟ್ಟಿಲ ಮೇಲೆ ನಿಂತು ಬಾಯಿಬಿಟ್ಟು ಕೇಳಿದ್ಲು. ಇದೊಂದನ್ನ ಕೇಳಿದ್ಮೇಲೂ ಮಾಡ್ಲಿಲ್ವಲ್ಲ."

ಅವನು ತಲೆ ಎತ್ತಲಿಲ್ಲ. "ನಾಳೆ ಹೇಳ್ತೀನಿ" ಎಂದ.

ನಾಳೆ ಬಂತು. ಅವನು ನೆಟ್ಟಗೆ ಅವಳ ಮೇಜಿನ ಹತ್ತಿರ ಹೋದ. "ಅಕ್ಕ" ಎಂದ. ಅವಳು ಆ ದಪ್ಪ ಗಾಜಿನೊಳಗಿಂದ ತಲೆ ಎತ್ತಿ, "ಏನಣ್ಣ?" ಎಂದಳು. ಕಣ್ಣುಗಳು ಇದ್ದುದಕ್ಕಿಂತ ದೊಡ್ಡದಾಗಿ, ಹೆದರಿದ ಹಾಗೆ ಕಂಡವು. "ದೀಪ ಕಣ್ಣಿಗೆ ಹೊಡೀತಿಲ್ಲ ತಾನೆ?" ಎಂದು ಕೇಳಿ, ಹೊಡೆಯುತ್ತಿಲ್ಲ ಎನಿಸಿಕೊಂಡು, ತನ್ನ ಜಾಗಕ್ಕೆ ಬಂದು ಕೂತ. ಇಂಥ ಹೇಡಿತನಕ್ಕೆ ನಾವು ಸಂಕೋಚ ಎಂದು ಚೆಂದದ ಹೆಸರಿಟ್ಟುಕೊಂಡಿರುತ್ತೇವೆ.

ಆ ವಾರದ ಕೊನೆಯಲ್ಲಿ ಒಬ್ಬ ಬಡಗಿ ಕಚೇರಿಗೆ ಬಂದ. ತೋಳಿನ ತುಂಬ ಮರದ ಪುಡಿ, ಕೆಲಸದ ನಡುವೆ ಎದ್ದು ಬಂದಿದ್ದ. ಕೈಯಲ್ಲಿ ಎರಡು ಲಕೋಟೆ. ಆಸ್ಪತ್ರೆಯಲ್ಲಿ ವಿಚಾರಿಸಿದರೆ ಕಾಗದ ಮಾಡುವವರು ಇವರು ಎಂದರಂತೆ. ಮೇಡಂ ಗಾಬರಿಯಾಗಿ ಕುರ್ಚಿ ಕೊಟ್ಟರು. ಜಗಳಕ್ಕೇ ಬಂದಿದ್ದಾನೆ ಎಂದು ಎಲ್ಲರೂ ತಿಳಿದರು. ಅವನು ಜಗಳಕ್ಕೆ ಬಂದಿರಲಿಲ್ಲ.

"ನನ್ನ ಮಗಳು ಹೋಗಿದ್ದು ಆರು ವರ್ಷಕ್ಕೆ" ಎಂದು ಶುರುಮಾಡಿದ. "ಅವಳಮ್ಮ ಎಣಿಸೋದು ಬಿಟ್ಟಿಲ್ಲ. ಈಗ ಏಳು, ಈಗ ಎಂಟು ಅಂತ. ನಾನು ಬೈತಿದ್ದೆ. ಇಲ್ಲದೇ ಇರೋಳಿಗೆ ವಯಸ್ಸು ಎಲ್ಲಿಂದ ಆಗುತ್ತೆ ಅಂತ. ಹೋದ ತಿಂಗಳು ಈ ಕಾಗದ ಬಂತು. ಒಂಬತ್ತು ವರ್ಷದ ನಿಮ್ಮ ಮಗಳು ಅಂತ ಬರೆದಿತ್ತು. ಅವಳಮ್ಮ ಅದನ್ನ ನನ್ನ ಮುಂದೆ ಹಿಡಿದು, ನೋಡಿ, ನಾನೊಬ್ಬಳೇ ಅಲ್ಲ ಅಂದ್ಲು. ಮೂರು ವರ್ಷದ ಮೇಲೆ ಅವತ್ತು ಅವಳು ಹೊಟ್ಟೆ ತುಂಬಾ ಊಟ ಮಾಡಿದ್ಲು."

ಮುದ್ರಣದವನು ಎದ್ದು ಯಂತ್ರ ನಿಲ್ಲಿಸಿದ.

"ಆಮೇಲೆ ಇದು ಬಂತು, ತಪ್ಪಾಗಿದೆ ಅಂತ." ಬಡಗಿ ಎರಡನೆಯ ಲಕೋಟೆಯನ್ನು ಮೇಜಿನ ಮೇಲಿಟ್ಟ. "ಅವಳು ನಂಬ್ತಿಲ್ಲ. ಯಾರೋ ಕೂತು ಎಣಿಸಿದ್ದಾರೆ, ಮೇಲಿನವರಿಗೆ ಹೆದರಿ ತಪ್ಪು ಅಂದಿದ್ದಾರೆ ಅಂತಾಳೆ. ಅವರು ಯಾರು, ನೋಡ್ಕೊಂಡು ಬನ್ನಿ ಅಂತ ಕಳಿಸಿದ್ಲು. ಯಾರು ಎಣಿಸಿದ್ದು?"

ಪ್ರೂಫಕ್ಕ ಎದ್ದು ನಿಂತಳು. ತೆಪ್ಪಗೆ ಒಪ್ಪಿಕೊಂಡು ಆ ಮನುಷ್ಯನ ಕೃತಜ್ಞತೆಯನ್ನು ಪಡೆಯಬಹುದಿತ್ತು. ಆ ಜಾತಿಯವಳಲ್ಲ ಅವಳು. "ಕಾಗದ ಬರೆದಿದ್ದು ನಾನೇ" ಎಂದಳು. "ಆದ್ರೆ ಎಣಿಸಿ ಬರೆದಿದ್ದಲ್ಲ. ನನ್ನ ಕಣ್ಣು ತಪ್ತು. ಕಣ್ಣಿಗೆ ವಯಸ್ಸಾಯ್ತು ನನಗೆ. ಕ್ಷಮಿಸ್ಬೇಕು."

"ಹಾಗಾದ್ರೆ ಯಾರೂ ಎಣಿಸಿಲ್ಲ" ಎಂದ ಬಡಗಿ. ಅವನ ಭುಜ ಕುಸಿದದ್ದು ಎಲ್ಲರಿಗೂ ಕಂಡಿತು.

"ನಾನು" ಎಂಬ ಮಾತು ರೆಡಿಯಣ್ಣನ ಬಾಯಿಂದ ಅವನಿಗೇ ತಿಳಿಯದೆ ಹೊರಬಿತ್ತು.

ಬಡಗಿ ಅವನ ಕಡೆ ತಿರುಗಿದ. ಆ ಮುಖ ಬೆಳಗಿದ್ದನ್ನು ರೆಡಿಯಣ್ಣ ಸಾಯುವವರೆಗೂ ಮರೆಯಲಾರ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಹೌದು, ನಾನೇ ಕೂತು ಎಣಿಸಿದೆ ಎಂಬ ಸುಳ್ಳು ಅವನ ನಾಲಿಗೆಯ ತುದಿಯಲ್ಲಿ, ದಾರ ಪೋಣಿಸಿದ ಸೂಜಿಯ ಹಾಗೆ, ರೆಡಿಯಾಗಿ ಬಂದು ನಿಂತಿತ್ತು. ಒಬ್ಬ ತಾಯಿಗೆ ಉಪಕಾರ, ಒಬ್ಬ ತಂದೆಗೆ ಸಮಾಧಾನ, ತನಗೆ ಒಳ್ಳೆಯ ಹೆಸರು. ಅವನು ಪ್ರೂಫಕ್ಕನ ಕನ್ನಡಕ ನೋಡಿದ. ಮೂಗಿನ ಎರಡೂ ಕಡೆ ಅದು ಕೂತು ಕೂತು ಕೆಂಪಗೆ ಗುರುತು ಬಿದ್ದಿತ್ತು.

"ನಾನು ಅಂದ್ರೆ, ಕೂತು ಎಣಿಸಿದ್ದಲ್ಲ" ಎಂದ. "ಹುಟ್ಟಿದ ತಾರೀಖು ಕಂಡಲ್ಲಿ ಇವತ್ತಿಗೆ ಎಷ್ಟಾಯ್ತು ಅಂತ ತಾನಾಗೇ ಎಣಿಸೋ ಒಂದು ಪ್ರೋಗ್ರಾಮು ಮಾಡಿಟ್ಟಿದ್ದೆ. ಯಾರೂ ಕೇಳಿರ್ಲಿಲ್ಲ. ಯಾರಿಗೂ ಹೇಳ್ಲೂ ಇಲ್ಲ. ಮಗು ಇದೆಯೋ ಇಲ್ವೋ ಅದಕ್ಕೆ ಗೊತ್ತಾಗಲ್ಲ. ಇವರು ಆರು ಅಂತ್ಲೇ ಬರೆದಿದ್ರು. ಓದಿದಾಗ ಆರು ಅಂತ್ಲೇ ಇತ್ತು. ಇವರ ಕಣ್ಣು ತಪ್ಲಿಲ್ಲ. ಇವರು ಮನೆಗೆ ಹೋದ್ಮೇಲೆ ನಾನು ಒಂಬತ್ತು ಮಾಡ್ದೆ."

ಹೇಳಿ ಮುಗಿಸಿ, ಹಗುರವಾಗುತ್ತದೇನೋ ಎಂದು ಒಂದು ಗಳಿಗೆ ಕಾದ. ಆಗಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾಗಿ ನಿಂತಿದ್ದ.

ಬಡಗಿ ಎರಡೂ ಲಕೋಟೆಗಳನ್ನು ಜೋಡಿಸಿ ಹಿಡಿದುಕೊಂಡ. ಸಿಟ್ಟು ಮಾಡಲಿಲ್ಲ. "ಈಗ ನಾನು ಮನೇಲಿ ಏನಂತ ಹೇಳ್ಲಿ?" ಎಂದು ರೆಡಿಯಣ್ಣನನ್ನೇ ಕೇಳಿದ.

ಊರಿನವರ ಅರ್ಧ ಮಾತುಗಳನ್ನೆಲ್ಲ ಮುಗಿಸಿಕೊಡುತ್ತಿದ್ದವನ ಹತ್ತಿರ ಇದಕ್ಕೆ ಏನೂ ಇರಲಿಲ್ಲ. "ಗೊತ್ತಿಲ್ಲ" ಎಂದ.

ಪ್ರೂಫಕ್ಕ ಬಡಗಿಗೆ ಹೇಳಿದಳು. "ಮೊದಲು ಯಾರೂ ಎಣಿಸಿರ್ಲಿಲ್ಲ ಅಂತ ನಿಜಾನೇ ಹೇಳಿ. ಈಗ ಇಲ್ಲಿ ಕೂತಿರೋ ನಮಗೆಲ್ಲ ಗೊತ್ತಾಯ್ತು, ಅವಳಿಗೆ ಒಂಬತ್ತು ಅಂತ. ಅದನ್ನೂ ಹೇಳಿ."

ಬಡಗಿ ಅವಳ ಮುಖವನ್ನೇ ನೋಡಿ, ತಲೆಯಾಡಿಸಿ, ಮೆಟ್ಟಿಲಿಳಿದು ಹೋದ. ಮೇಡಂ ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅವರಾಡಬೇಕಾದ ಮಾತು ಆಮೇಲೆ ಬರುವುದಿತ್ತು, ಅದರ ಭಯ ರೆಡಿಯಣ್ಣನಿಗೆ ಆಗ ಇರಲಿಲ್ಲ. ಅವನು ಎದುರಿನವಳನ್ನೇ ನೋಡುತ್ತಿದ್ದ.

ಪ್ರೂಫಕ್ಕ ಕೂತುಕೊಂಡಳು. ಕನ್ನಡಕ ತೆಗೆದು ಮಡಚಿ ಮೇಜಿನ ಮೇಲಿಟ್ಟಳು. ಲಕೋಟೆಯೊಂದನ್ನು ಕೈಗೆತ್ತಿಕೊಂಡು, ಹತ್ತಿರ ಹಿಡಿದು, ದೂರ ಹಿಡಿದು, ಬರಿಗಣ್ಣಿನಲ್ಲಿ ವಿಳಾಸ ಓದಿದಳು.

"ನನ್ನ ಕಣ್ಣು ಸರಿಯಾಗೇ ಇತ್ತು" ಎಂದಳು. ಆಮೇಲೆ, "ನಿಮಗೆ ಯಾವಾಗ ಗೊತ್ತಾಯ್ತು?"

"ಫೋನು ಬಂದ ದಿನಾನೇ."

"ಮೆಟ್ಟಿಲ ಮೇಲೆ ಕೇಳ್ದಾಗ ಗೊತ್ತಿತ್ತು."

"ಗೊತ್ತಿತ್ತು."

"ದೀಪ ತಂದಾಗ?"

ಅವನು ತಲೆಯಾಡಿಸಿದ. ಅವಳು ಕೈ ಚಾಚಿ ದೀಪದ ಗುಂಡಿ ಒತ್ತಿ ಆರಿಸಿದಳು. ಅವಳ ಕಣ್ಣು ತುಂಬಿ ಬಂದಿತ್ತು, ಒಂದೆರಡು ಸಲ ಕೆಮ್ಮಿದಳು. ರೆಡಿಯಣ್ಣನ ಕಾಲುಗಳು ಹಳೆಯ ಅಭ್ಯಾಸಕ್ಕೆ ತಾವಾಗಿ ಮೂಲೆಯ ನೀರಿನ ಕಡೆ ಹೊರಟವು. ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು.

"ನಾನು ಕೇಳಿಲ್ಲ."

ಅವನು ಲೋಟವನ್ನು ಇದ್ದಲ್ಲೇ ಬಿಟ್ಟು ಬಂದು ಕೂತ. ಅವಳು ಕೆಮ್ಮುತ್ತಿದ್ದಳು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಕೇಳುತ್ತಾಳೇನೋ ಎಂದು ಅವನು ಸಂಜೆಯವರೆಗೂ ಕಾದ. ಅವಳು ಎದ್ದು ಹೋಗಿ ತಾನೇ ನೀರು ತಂದುಕೊಂಡು ಕುಡಿದಳು.